ನೆಲಕ್ಕೆ ಬೀಳದ ಸೋರಿಕೆ

ಹೋಳೂರಿನಲ್ಲಿ ಕಾರು ರಿಪೇರಿ ಮಾಡುತ್ತಿದ್ದ ವೆಂಕಟ್ ಕಣ್ಣು ಕಳೆದುಕೊಂಡದ್ದು ಒಂದು ಮುಚ್ಚಳ ತೆಗೆಯಲು ಹೋಗಿ. ಮದುವೆಗೆ ಹೊರಟಿದ್ದವರ ಗಾಡಿ ಬಿಸಿಯಾಗಿ ನಿಂತಿತ್ತು. ಮುಹೂರ್ತ ಮೀರುತ್ತದೆಂದು ಅವರು ಅವಸರ ಮಾಡಿದರು. ಇಂಜಿನ್ ಆರುವವರೆಗೆ ಕಾಯಿರಿ ಎಂದು ಎಲ್ಲರಿಗೂ ಬೈದು ಹೇಳುತ್ತಿದ್ದವನು ಅಂದು ತಾನೇ ಕಾಯಲಿಲ್ಲ. ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದೇ ತಡ, ಇಂಜಿನ್ ತಣ್ಣಗಿಡಲು ಹಾಕುವ ಕೂಲೆಂಟ್ ಕುದಿಯುತ್ತಿದ್ದದ್ದು ಚಿಮ್ಮಿ ಮುಖಕ್ಕೆ ಬಿತ್ತು. ಆಸ್ಪತ್ರೆಯಲ್ಲಿ ಮೊದಲು ಎಡಗಣ್ಣು ಉಳಿಯಬಹುದು ಎಂದರು. ಆಮೇಲೆ ಅದೂ ಇಲ್ಲ ಎಂದರು.

ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಹೆಂಡತಿ ರಜನಿ ಶೆಡ್ಡಿನ ಬಾಗಿಲು ತೆರೆದಳು. ಮದುವೆಯಾದಾಗಿನಿಂದ ಅವನ ಜೊತೆ ಸ್ಪ್ಯಾನರ್ ಹಿಡಿದು ಅವಳಿಗೆ ಅಭ್ಯಾಸವಿತ್ತು. ಆಯಿಲ್ ಬದಲಿಸುವುದು, ಬೆಲ್ಟು ಹಾಕುವುದು ಬರುತ್ತಿತ್ತು. ಗೊತ್ತಾಗದ್ದನ್ನು ಒಳಗೆ ಬಂದು ಕೇಳುತ್ತಿದ್ದಳು. ಹೀಗೆ ಕೇಳಿ ಕೇಳಿಯೇ ಅವನನ್ನು ಎಬ್ಬಿಸಿ ಶೆಡ್ಡಿನ ಸ್ಟೂಲಿನ ಮೇಲೆ ಕೂರಿಸುವಷ್ಟರಲ್ಲಿ ಮಳೆಗಾಲ ಕಳೆದಿತ್ತು.

ಒಂದು ಬೆಳಿಗ್ಗೆ ಟೊಮೆಟೊ ಮಂಡಿಯ ಶ್ರೀನಿವಾಸಪ್ಪ ತಮ್ಮ ಹಳೇ ಕಾರು ತಂದು ನಿಲ್ಲಿಸಿದರು. “ದಿನಾ ಕೂಲೆಂಟ್ ಹಾಕ್ಬೇಕಮ್ಮ. ನಿಂತ ಜಾಗದಲ್ಲಿ ನೋಡಿದ್ರೆ ಒಂದು ಹನೀನೂ ಇರಲ್ಲ,” ಎಂದು ಹೇಳಿ ಹೋದರು.

ರಜನಿ ಕಾರಿನಡಿ ರಟ್ಟು ಹಾಸಿ ಮರುದಿನ ಎಳೆದು ನೋಡಿದಳು. ಒಣಗಿತ್ತು. ಹೋಸ್ ಪೈಪುಗಳನ್ನು ಹಿಸುಕಿದಳು, ಸೀಟಿನ ಮುಂದಿನ ಮ್ಯಾಟ್ ಎತ್ತಿ ಮುಟ್ಟಿದಳು. ಎಲ್ಲೂ ತೇವವಿರಲಿಲ್ಲ.

“ವಾಟರ್ ಪಂಪ್ ಕಣೇ. ಅದರ ಕೆಳಗೆ ಕೈ ಹಾಕು,” ಎಂದ ವೆಂಕಟ್.

“ಹಾಕ್ದೆ ರೀ. ಒಣಗೈತೆ.”

“ನಿಂಗೆ ನೋಡಕ್ಕೆ ಬರಲ್ಲ.”

ರಜನಿ ಬಾನೆಟ್ಟಿನತ್ತ ತಿರುಗಿದಳು. ಇಂಜಿನ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ರೇಡಿಯೇಟರಿನ ಮುಚ್ಚಳ ತೆಗೆದು, ಗಾಡಿ ಸ್ಟಾರ್ಟ್ ಮಾಡಿ ಬಗ್ಗಿದಳು. ಒಳಗಿಂದ ಗುಳ್ಳೆಗಳು ಬಿಡದೆ ಏಳುತ್ತಿದ್ದವು. ಹಿಂದೆ ಸೈಲೆನ್ಸರಿನಿಂದ ಬಿಳಿ ಹೊಗೆ.

“ಹೆಡ್ ಗ್ಯಾಸ್ಕೆಟ್ ಹೋಗೈತೆ ರೀ. ಕೂಲೆಂಟ್ ಇಂಜಿನ್ ಒಳಗೇ ಸುಟ್ಟೋಗ್ತೈತೆ. ಗುಳ್ಳೆ ಬರ್ತಾವೆ.”

“ಮುಚ್ಚಳ ತೆಗೆದ್ಯಾ?” ವೆಂಕಟ್ ಎದ್ದ ರಭಸಕ್ಕೆ ಸ್ಟೂಲು ಉರುಳಿತು. “ಯಾರನ್ನ ಕೇಳಿ ತೆಗ್ದೆ?”

“ತಣ್ಣಗಿತ್ತು ರೀ. ಮುಟ್ಟಿ ನೋಡೇ ತೆಗ್ದಿದ್ದು.”

ಅವನು ಬಾಯಿಗೆ ಬಂದಂತೆ ಬೈದ. ಅವಳು ಬೈಸಿಕೊಂಡು ನಿಂತಳು. ಆಮೇಲೆ ಅವನ ಕೈ ಹಿಡಿದು ಕಾರಿನ ಹಿಂದಕ್ಕೆ ಕರೆದೊಯ್ದು, ಹೊಗೆಗೆ ಒಡ್ಡಿದಳು. ಅಂಗೈ ಒದ್ದೆಯಾಯಿತು. ಅವನು ಮೂಸಿದ. ಕೂಲೆಂಟಿನ ಸಿಹಿ ವಾಸನೆ.

ವೆಂಕಟ್ ಅಲ್ಲೇ ನೆಲದ ಮೇಲೆ ಕುಳಿತ.

“ನೀವು ಹೇಳ್ತಾ ಹೋಗಿ, ಇಂಜಿನ್ ಹೆಡ್ ನಾನು ಬಿಚ್ಚಿ ಇಳಿಸ್ತೀನಿ,” ಎಂದಳು ರಜನಿ.

“ನಂಗಾಗಲ್ಲ ಕಣೇ. ಇಂಜಿನ್ ಸದ್ದು ಕೇಳಿದ್ರೇನೇ ಮುಖ ಉರಿಯುತ್ತೆ. ದಿನಾ ಉರಿಯುತ್ತೆ. ನೀನು ಕರೀತೀಯ ಅಂತ ಬಂದು ಕೂರ್ತಿದ್ದೆ.”

ಇಷ್ಟು ದಿನ ಅವನು ಇದನ್ನು ಹೇಳಿರಲಿಲ್ಲ. ಅವಳಿಗೆ ಗೊತ್ತೂ ಆಗಿರಲಿಲ್ಲ. ಅವನಿಗೆ ಒಳ್ಳೆಯದಾಗಲೆಂದೇ ದಿನಾ ಎಳೆದು ತಂದು ಕೂರಿಸುತ್ತಿದ್ದಳು.

ಶ್ರೀನಿವಾಸಪ್ಪ ಕಾರನ್ನು ಕೋಲಾರದ ಗ್ಯಾರೇಜಿಗೆ ಎಳೆಸಿಕೊಂಡು ಹೋದರು. ರಜನಿ ಹೇಳಿದ್ದೇ ನಿಜವಾಗಿತ್ತೆಂದು ಶ್ರೀನಿವಾಸಪ್ಪ ಬಂದು ಹೊಗಳಿದರು. ಅಷ್ಟರಲ್ಲಿ ಅವಳು ಶೆಡ್ಡಿಗೆ ಬೀಗ ಹಾಕಿದ್ದಳು.

ಈಗ ಅವಳು ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಕಂಪನಿ ಬಸ್ಸು ಬರುವ ಮೊದಲು ಅವನ ಮಧ್ಯಾಹ್ನದ ಊಟವನ್ನು ಕೈಗೆಟುಕುವಂತೆ ಇಟ್ಟು ಹೋಗುತ್ತಾಳೆ. ಕೆಲವು ದಿನ ಸಂಜೆ ಬಂದಾಗ ಅವನು ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ, ಮುದ್ದೆ ಹಾಗೇ ಇರುತ್ತದೆ. ಬಿಸಿ ಮಾಡಿದ ಸಾರಿನ ಜೊತೆ ಅದನ್ನು ತಾನೇ ತಿನ್ನುತ್ತಾಳೆ.