ಸೋದರತ್ತೆಯ ಕಣ್ಣೀರು

ಆ ಕಾದಂಬರಿಯನ್ನು ರೇಡಿಯೋಕ್ಕೆ ನಾಟಕ ಮಾಡಿಕೊಡಿ ಎಂದು ನನ್ನನ್ನು ಕೇಳಿದಾಗ, ಧಾರವಾಡದಲ್ಲಿ ಓದುಬರಹ ಬಲ್ಲ ಮನೆಗಳಲ್ಲಿ ಅದನ್ನು ಓದದವರೇ ಇರಲಿಲ್ಲ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ಆಗೀಗ ರೇಡಿಯೋಕ್ಕೆ ಚಿಕ್ಕ ನಾಟಕ ಬರೆಯುತ್ತಿದ್ದೆ. ಟೆಲಿವಿಷನ್ ಎಂಬುದೊಂದು ಇದೆಯಂತೆ ಎಂದು ಪತ್ರಿಕೆಯಲ್ಲಿ ಓದಿದ್ದೆವು, ಅಷ್ಟೆ. ಅರವತ್ತರ ದಶಕದ ಆ ವರ್ಷಗಳಲ್ಲಿ ಮನೆಮಂದಿಯೆಲ್ಲ ಕೂತು ಕತೆ ಕೇಳುತ್ತಿದ್ದುದು ರೇಡಿಯೋದಲ್ಲಿ. ರವಿವಾರ ಮಧ್ಯಾಹ್ನ ಅರ್ಧ ಗಂಟೆ, ಒಟ್ಟು ಹದಿಮೂರು ಕಂತು.

ಕೂಡಿ ಬಾಳಿ ಆಮೇಲೆ ಒಡೆದುಹೋದ ಮೂವರು ಅಣ್ಣತಮ್ಮಂದಿರ ಮನೆಯ ಕತೆ ಅದು. ಒಡೆದವಳು ಅವರ ತಂಗಿ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು, ಉಗ್ರಾಣದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಬ್ಬ ಅತ್ತಿಗೆಯ ಮಾತನ್ನು ಇನ್ನೊಬ್ಬಳ ಕಿವಿಗೆ ಹಾಕುತ್ತ ಇಡೀ ಮನೆಯನ್ನು ಆಳುತ್ತಾಳೆ. ಕತೆಯ ಮಕ್ಕಳಂತೆ ಓದುಗರೂ ಅವಳನ್ನು ಸೋದರತ್ತೆ ಎಂದೇ ಕರೆಯುತ್ತಿದ್ದರು. ಕೊನೆಯ ಪುಟದಲ್ಲಿ ಅವಳು ವೈನಿ ಎಂದು ಕರೆಯುವ ಹಿರಿಯ ಅತ್ತಿಗೆ, ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾಳೆ. ಸೋದರತ್ತೆ ಉತ್ತರ ಕೊಡುವುದಿಲ್ಲ. ಕೀಲಿಕೈ ನೆಲಕ್ಕಿಟ್ಟು, ತಿರುಗಿ ನೋಡದೆ ಹೊರಟುಹೋಗುತ್ತಾಳೆ.

ಕಾದಂಬರಿ ಬರೆದವರು ಆಗಲೇ ತೀರಿಕೊಂಡಿದ್ದರು. ಅದು ಅವರ ಮನೆಯದೇ ಕತೆ, ಸೋದರತ್ತೆ ಅವರ ಸ್ವಂತ ತಂಗಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಆಕೆ ಇನ್ನೂ ಬದುಕಿದ್ದಾಳೆಂಬುದು ನನಗೆ ಗೊತ್ತಿರಲಿಲ್ಲ.

ನಾಟಕ ವಿಭಾಗದ ಅಧಿಕಾರಿಗೆ ಆ ಮುಕ್ತಾಯ ಹಿಡಿಸಲಿಲ್ಲ. "ಸುಮ್ಮನ ಎದ್ದು ಹೋದ್ರ ರೇಡಿಯೋದಾಗ ಏನು ಕೇಳಸ್ತೈತ್ರಿ? ಮಂದಿ ವಾಲ್ವ್ ಸುಟ್ಟಾವ ಅಂತ ತಿಳಕೊಂಡು ಡಬ್ಬಿ ಬಡೀತಾರ. ಆಕಿ ಏನರೆ ಮಾತಾಡ್ಬೇಕು. ಅಳಬೇಕು."

ತಪ್ಪನ್ನೆಲ್ಲ ಆತನ ಮೇಲೆ ಹಾಕಲಾರೆ. ಹಿಂದಿನ ವರ್ಷವಷ್ಟೇ ನಮ್ಮ ಮನೆಯೂ ಒಡೆದಿತ್ತು. ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ತಿಂಗಳಲ್ಲೇ ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ, ಬೇರೆಯಾಗಿ ಹುಬ್ಬಳ್ಳಿಗೆ ಹೋದಳು. ಅತ್ತೆಯ ಮಲಮೂತ್ರ ಬಳಿದದ್ದು ನಾನೊಬ್ಬಳೇ. ಆಕೆ ಬಂದದ್ದು ಅತ್ತೆ ಸತ್ತ ಮೇಲೆ, ತಿಥಿಯ ಊಟಕ್ಕೆ. ಎಂದಾದರೊಮ್ಮೆ ನನ್ನೆದುರು ನಿಂತು ತಪ್ಪಾಯಿತು ಅಂದಾಳೆಂದು ಕಾದಿದ್ದೆ. ಅನ್ನಲಿಲ್ಲ. ಸೋದರತ್ತೆಯನ್ನು ಅಳಿಸಲು ಕೂತಾಗ ನನ್ನ ಲೇಖನಿ ಎಲ್ಲಿಯೂ ತಡೆಯಲಿಲ್ಲ. ಏಳನೆಯ ಕಂತಿನಿಂದ ಆಕೆ ಕದ್ದು ಕದ್ದು ಅಳತೊಡಗಿದಳು.

ಒಂಬತ್ತನೆಯ ಕಂತು ಪ್ರಸಾರವಾದ ಮರುದಿನ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಬಡಕಲು ದೇಹ, ನೆಟ್ಟಗಿನ ಬೆನ್ನು.

"ರೇಡಿಯೋಕ್ಕ ಬರಿಯೋ ಅಕ್ಕಾರು ನೀವೇನು?"

"ಹೌದ್ರಿ. ಒಳಗ ಬರ್ರಿ."

"ಒಳಗ ಬರಾಕ ಬಂದಿಲ್ಲ. ಆ ಪುಸ್ತಕಾ ಬರದವನ ತಂಗಿ ನಾ. ಕೆಲಗೇರಿಯಿಂದ ನಡಕೊಂತ ಬಂದೇನಿ, ಒಂದ ಮಾತು ಕೇಳಾಕ. ನಾ ಯಾವಾಗ ಅತ್ತೇನಿ?"

ನಾನು ತಬ್ಬಿಬ್ಬಾದೆ. "ಅದು ನೀವಲ್ರೀ ಅಮ್ಮಾ, ಕತಿಯಾಗಿನ ಪಾತ್ರ."

"ಪಾತ್ರ ಅಂತ ನಮ್ಮ ಓಣಿಯವ್ರಿಗೆ ಹೇಳ್ರಿ. ಮೂವತ್ತು ವರ್ಷ ನನ್ನ ಕಂಡ್ರ ಬಾಗಲಾ ಹಾಕ್ಕೋತಿದ್ರು. ಹಾಕ್ಕೊಳ್ಳಿ ಅಂತ ತಲಿ ಎತ್ತಿ ಅಡ್ಡಾಡೇನಿ. ಈಗ ನಳದ ಮುಂದ ನಿಂತ್ರ 'ಪಾಪ' ಅಂತಾರ. ನನಗ!"

"ನಿಮ್ಮಣ್ಣಾರು ನಿಮ್ಮನ್ನ ಕೆಟ್ಟಾಕಿ ಅಂತ ಬರದ್ರು. ನಾ ಒಂದೀಟು ಕರುಳು ಇಟ್ಟೇನಿ. ಅದಕ್ಕೂ ಸಿಟ್ಟೇನ್ರಿ?"

"ಅಂವಾ ಕೆಟ್ಟಾಕಿ ಅಂತ ಬರದಾ. ಆದ್ರ ನನ್ನ ಬರದಾ. ನೀವು ಯಾರನ್ನ ಬರಿಯಾಕತ್ತೀರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಕಡೀ ಕಂತಿನಾಗ ನೀವು ವೈನಿ ಕಾಲ ಹಿಡಕೊಂಡು ಅಳ್ತೀರಿ. ಅದೂ ಬರದ ಇಟ್ಟೇನಿ," ಎಂದೆ. ಆಗಷ್ಟೇ ಪಾತ್ರ ಅಂದಿದ್ದ ನಾನೇ ಈಗ ಬೇಕೆಂದೇ 'ನೀವು' ಅಂದೆ.

ಆಕೆ ನನ್ನನ್ನು ನಿಧಾನವಾಗಿ ನೋಡಿದಳು. "ಯಾರ ಕಡಿಂದನೋ ನೀವು ಕಾಲ ಹಿಡಿಸ್ಕೋಬೇಕಾಗಿತ್ತು. ಅವ್ರು ಹಿಡೀಲಿಲ್ಲ. ಅದಕ್ಕ ನನ್ನ ಕೈ ಬೇಕಾಗ್ಯಾವ."

ನಾನು ಬಾಗಿಲು ಹಾಕಿಕೊಂಡೆ.

ಕೊನೆಯ ಕಂತಿನ ಧ್ವನಿಮುದ್ರಣಕ್ಕೆ ಇನ್ನೂ ಎರಡು ವಾರವಿತ್ತು. ಬದಲಿಸಬಹುದಿತ್ತು. ಬದಲಿಸುವ ಮಾತಿರಲಿ, ಹಟಕ್ಕೆ ಬಿದ್ದು ಕಾದಂಬರಿಯಲ್ಲಿಲ್ಲದ ಒಂದು ಮಾತನ್ನೂ ಸೇರಿಸಿದೆ: "ಹಾಸಿಗಿ ಹಿಡಿದ ನಮ್ಮವ್ವನ್ನ ನೀ ಒಬ್ಬಾಕಿನ ನೋಡಿದಿ ವೈನಿ, ನಾ ಹೊಳ್ಳಿ ನೋಡಲಿಲ್ಲ." ಪಾತ್ರಧಾರಿಣಿ ಅದನ್ನು ಎಷ್ಟು ಚೆನ್ನಾಗಿ ಅತ್ತು ಹೇಳಿದಳೆಂದರೆ ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಕೇಳುಗರ ಪತ್ರಗಳು ಕಟ್ಟುಗಟ್ಟಲೆ ಬಂದವು. ಅವಕ್ಕಿಂತ ಮೊದಲು ಬಂದವನು ನನ್ನ ಮೈದುನ. ಸೋಮವಾರ ಬೆಳಗಿನ ಬಸ್ಸಿಗೇ ಹುಬ್ಬಳ್ಳಿಯಿಂದ ಬಂದು, ಚಪ್ಪಲಿ ಕೂಡ ಬಿಡದೆ ಅಂಗಳದಲ್ಲಿ ನಿಂತ.

"ವೈನಿ, ಊರ ಮಂದಿ ಮುಂದ ನನ್ನ ಹೇಣ್ತಿ ಕಡಿಂದ ಕಾಲ ಹಿಡಿಸಿದ್ರಿ. ಸಮಾಧಾನ ಆತಿಲ್ರಿ? ಇನ್ನ ಆಕಿ ಈ ಹೊಸ್ತಿಲಾ ತುಳಿಯಂಗಿಲ್ಲ. ನಾನೂ ತುಳಿಯಂಗಿಲ್ಲ."

ಅಲ್ಲೇ ಇದ್ದ ನನ್ನ ಗಂಡ "ಚಹಾ ಕುಡದು ಹೋಗೋ" ಎಂದರು. ಆತ ನಿಲ್ಲಲಿಲ್ಲ. ಅವರು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ತಿಂಗಳುಗಟ್ಟಲೆ ಊಟಕ್ಕೆ ಬಡಿಸು ಅನ್ನುವುದನ್ನು ಬಿಟ್ಟು ಬೇರೆ ಮಾತೂ ಆಡಲಿಲ್ಲ.

ಮರುವರ್ಷ ನಾಟಕವನ್ನು ಮತ್ತೆ ಪ್ರಸಾರ ಮಾಡುತ್ತೇವೆಂದು ಅಧಿಕಾರಿ ಹೇಳಿದ. ನಾನು ಕೊನೆಯ ದೃಶ್ಯವನ್ನು ಹೊಸದಾಗಿ ಬರೆದೊಯ್ದೆ. ಅಳು ಇಲ್ಲ, ಮಾತಿಲ್ಲ. ಕೀಲಿಕೈ ನೆಲಕ್ಕೆ ತಾಗುವ ಸದ್ದು, ದೂರವಾಗುವ ಹೆಜ್ಜೆ, ಅಷ್ಟೆ. ಆತ ಓದಿ ಮೇಜಿನ ಮೇಲಿಟ್ಟ. "ಮಂದಿಗೆ ಆ ಅಳೂನ ಬೇಕ್ರಿ ಅಕ್ಕಾರ." ಹಳೆಯ ಟೇಪೇ ಮತ್ತೆ ಹೋಗುವುದೆಂದು ತೀರ್ಮಾನವಾಯಿತು.

ಓಣಿಯವರ ರೇಡಿಯೋದಲ್ಲಿ ಕಿವಿಗೆ ಬೀಳುವ ಮೊದಲು ಆಕೆಗೆ ನಾನೇ ತಿಳಿಸಬೇಕೆಂದು ಕೆಲಗೇರಿಗೆ ಹೋದೆ. ಆಕೆ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಆಕೆ ಮೊರದಿಂದ ತಲೆ ಎತ್ತಲಿಲ್ಲ.

"ಇದನ್ನ ಹೇಳಾಕ ಇಷ್ಟು ದೂರ ಬಂದ್ರಿ?"

"ತಪ್ಪಾತು ಅಂತ ಹೇಳಾಕ ಬಂದೇನ್ರಿ." ಅದು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಆಕೆ ಒಂದು ಹರಳು ಆರಿಸಿ ಹೊರಗೆ ಎಸೆದಳು. "ನೋಡ್ರಿ, ನಿಮಗ ಆ ಮಾತು ಬರತೈತಿ. ನನಗ ಬರಂಗಿಲ್ಲ. ಅಷ್ಟ ನಾ ಹೇಳಾಕ ಬಂದದ್ದು ಅವತ್ತು. ಮುಗೀತಲ್ಲ, ಹೋಗ್ರಿ."

ಕೆರೆಯ ಏರಿಯ ಮೇಲೆ ನಡೆದು ಬರುವಾಗ ನನ್ನ ಮನಸ್ಸು ಹಗುರಾಗಲಿಲ್ಲ. ಕುಳಿತುಕೋ ಅನ್ನಲಿಲ್ಲವಲ್ಲ ಎಂದು ಸಿಟ್ಟು ಬಂದಿತ್ತು. ಆ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಅದೇ ವಾರ ಹುಬ್ಬಳ್ಳಿಗೆ ಹೋಗಿ ನೆಗೆಣ್ಣಿಗೂ ಅದೇ ಮಾತು ಹೇಳಿ ಬರಬಹುದಿತ್ತು. ಹೊರಡಲೆಂದು ಎರಡು ಸಲ ಸೀರೆ ಉಟ್ಟುಕೊಂಡೆ. ಹೋಗಲಿಲ್ಲ.