ನಲವತ್ತೆರಡಕ್ಕೇ ನಿಂತ ವಯಸ್ಸು

ನನಗೆ ಅರವತ್ತೊಂಬತ್ತು. ಮೊಣಕಾಲುಗಳು ಹೇಳುತ್ತವೆ, ಹೆಂಡತಿ ಹೇಳುತ್ತಾಳೆ, ಬಸ್ಸಿನಲ್ಲಿ ಎದ್ದು ಜಾಗ ಬಿಡುವ ಹುಡುಗಿಯರೂ ಹೇಳುತ್ತಾರೆ. ಆದರೆ ಒಂದು ಕಾಲೇಜಿನ ಮನಶ್ಶಾಸ್ತ್ರದ ಜರ್ನಲ್‌ಗಳಲ್ಲಿ, ಅಂದರೆ ಹುಡುಗರು ಪ್ರಯೋಗ ಬರೆದಿಡುವ ಪುಸ್ತಕಗಳಲ್ಲಿ, ನನಗಿನ್ನೂ ನಲವತ್ತೆರಡು. ಯಾವ ಕಾಲೇಜು ಎಂದು ಹೇಳಲಾರೆ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾರ ಮೈ ಉರಿಯುತ್ತದೋ ಅವರು ತಮ್ಮದೇ ಎಂದುಕೊಳ್ಳಲಿ. ಮೊದಲು ಉರಿದದ್ದು ನನ್ನದೇ ಮೈ.

ನಾನು ಅಲ್ಲಿ ಜವಾನನಾಗಿದ್ದೆ. ಓದಿದ್ದು ಮೆಟ್ರಿಕ್. ಮನಶ್ಶಾಸ್ತ್ರದ ಕಪಾಟಿನ ಕೀಲಿ ನನ್ನ ಉಡದಾರದಲ್ಲಿರುತ್ತಿತ್ತು. ಒಳಗೆ ಕನ್ನಡಿ ನಿಲ್ಲಿಸಿದ ಒಂದು ಹಲಗೆ. ಕಾಗದದ ಮೇಲಿನ ನಕ್ಷತ್ರವನ್ನು ಕನ್ನಡಿಯಲ್ಲಷ್ಟೇ ನೋಡುತ್ತ ಅದರ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಮೊದಲು ಕೈ ಅಡ್ಡಾದಿಡ್ಡಿ ಹೋಗುತ್ತದಂತೆ, ಹತ್ತು ಸಲ ಮಾಡಿದರೆ ಕಲಿಯುತ್ತದಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಅದನ್ನು ಯಾರೂ ಹೊರಗೆ ತೆಗೆದದ್ದೇ ಇಲ್ಲ. ಒಡೆದರೆ ಜವಾಬು ಕೊಡುವವನು ನಾನು. ವಾರಕ್ಕೊಮ್ಮೆ ಧೂಳು ಒರೆಸಿ, ಅದರಲ್ಲೇ ಮೀಸೆ ನೋಡಿಕೊಂಡು, ಬೀಗ ಹಾಕುತ್ತಿದ್ದೆ. ಸರ್ಕಾರದ ಕನ್ನಡಿಯಿಂದ ಉಪಕಾರವಾದದ್ದು ನನ್ನ ಮೀಸೆಗೆ ಮಾತ್ರ.

ಪ್ರಯೋಗಗಳು ಮಾತ್ರ ಪ್ರತಿ ವರ್ಷ ನಡೆಯುತ್ತಿದ್ದವು, ಕಾಗದದ ಮೇಲೆ. ಪ್ರಯೋಗ ಮಾಡಿಸಿಕೊಳ್ಳಲು ಒಬ್ಬ ಮನುಷ್ಯ ಬೇಕಲ್ಲ? ಯಾವನೋ ಜಾಣ ನನ್ನ ಹೆಸರು, ವಯಸ್ಸು ಬರೆದುಬಿಟ್ಟ. ಆಗ ನನಗೆ ನಿಜವಾಗಿಯೂ ನಲವತ್ತೆರಡು. ಮುಂದಿನ ವರ್ಷದವರು ಅವನದನ್ನು ನೋಡಿ ಬರೆದರು, ಅದರ ಮುಂದಿನವರು ಇವರದನ್ನು. ಹಳೆಯ ಜರ್ನಲ್ ತೆಗೆದುಕೊಡುತ್ತಿದ್ದವನೂ ನಾನೇ. ಅರ್ಧ ಕಪ್ ಚಹಾ, ಎರಡು ಮಿರ್ಚಿ ಭಜಿಗೆ ಒಂದು ವರ್ಷದ ವಿದ್ಯೆ ಮುಗಿಯುತ್ತಿತ್ತು. ಆ ಜರ್ನಲ್‌ಗಳ ಪ್ರಕಾರ ನನ್ನ ನೆನಪಿನ ಶಕ್ತಿ ಅತ್ಯುತ್ತಮ. ಸಂತೆಗೆ ಹೋಗಿ ಬದನೆಕಾಯಿ ಮರೆತು ಬರುವವನ ಬಗ್ಗೆ ನನ್ನ ಹೆಂಡತಿಯ ಸಂಶೋಧನೆ ಬೇರೆಯೇ ಇದೆ.

ಹನ್ನೆರಡು ವರ್ಷದ ಹಿಂದೆ ಆಲಮೇಲದಿಂದ ಶಬಾನಾ ಮೇಡಂ ಬಂದರು. ಅತಿಥಿ ಉಪನ್ಯಾಸಕಿ, ಅಂದರೆ ವರ್ಷ ಮುಗಿದ ಮೇಲೆ ಮತ್ತೆ ಕರೆದರಷ್ಟೇ ಕೆಲಸ. ಬಂದ ವಾರದಲ್ಲೇ ಹಳೆಯ ಜರ್ನಲ್‌ಗಳನ್ನೆಲ್ಲ ತಿರುವಿ ಹಾಕಿ, ಕ್ಲಾಸಿನಲ್ಲಿ ಎಲ್ಲರೆದುರು ನನ್ನನ್ನು ಕೇಳಿದರು:

"ಕಾಕಾ, ಹದಿನೈದು ವರ್ಷದಿಂದ ನಿಮಗ ನಲವತ್ತೆರಡ ಐತಲ್ರಿ! ಏನ್ ಉಣ್ತೀರಿ, ನಮಗೂ ಒಂಚೂರು ಹೇಳ್ರಿ."

ಕ್ಲಾಸು ನಕ್ಕಿತು. ನಾನು ನಗಲಿಲ್ಲ. ಮರುಕ್ಷಣ ಅವರು ಕಪಾಟಿನ ಕೀಲಿ ಕೇಳಿದರು. "ಕಳದೈತ್ರಿ ಮೇಡಂ," ಅಂದೆ. ಅಂಗಿಯ ಕೆಳಗೆ ಅದು ಹೊಟ್ಟೆಗೆ ಒತ್ತುತ್ತಲೇ ಇತ್ತು.

ಬೀಗ ಒಡೆಸಿ ಎಂದು ಅವರು ಅರ್ಜಿ ಕೊಟ್ಟರು. ಅರ್ಜಿ ಪ್ರಿನ್ಸಿಪಾಲ್ ಸಾಹೇಬರ ಮೇಜಿನ ಮೇಲೆ ಮಲಗಿತು. ಮೇಡಂ ಮಲಗಲಿಲ್ಲ. ಮರುದಿನ ಮನೆಯ ಕನ್ನಡಿ, ಕೈ ಮರೆಮಾಡಲು ಚಪ್ಪಲಿಯ ಒಂದು ಖಾಲಿ ಡಬ್ಬಿ ಹಿಡಿದುಕೊಂಡು ಬಂದರು. ಬಸ್‌ಸ್ಟ್ಯಾಂಡಿನಲ್ಲೇ ಪದವಿ ಮುಗಿಸುತ್ತಿದ್ದ ಹುಡುಗರೆಲ್ಲ ಒಳಗೆ ಬಂದು ಕೂತರು. ಒಬ್ಬ ನಕ್ಷತ್ರ ಗೀಚುವುದು, ಇನ್ನೊಬ್ಬಳು ಸಮಯ ನೋಡುವುದು, ಉಳಿದವರು ಕೂಗುವುದು: "ಎಡಕ್ಕಲ್ಲಲೇ, ಬಲಕ್ಕ! ನಿನ್ ಕೈನ ನಿನ್ ಮಾತ ಕೇಳವಲ್ದಲ್ಲೋ!" ಆಗ ಮೇಡಂ ಮೆಲ್ಲಗೆ ಕೇಳುವರು: "ಯಾಕ ಕೇಳವಲ್ದು?" ಎರಡು ವರ್ಷ ಬಾಯಿ ಬಿಡದಿದ್ದ ಅಗರಖೇಡದ ಒಬ್ಬ ಹುಡುಗಿ ಎದ್ದು ಹೋಗಿ, ಬೋರ್ಡಿನ ಮೇಲೆ ಗೆರೆ ಎಳೆದು ಇಡೀ ಕ್ಲಾಸಿಗೆ ಉತ್ತರ ಹೇಳಿದ್ದನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನನ್ನ ಮೇಲೆ ನನಗೇ ಸಿಟ್ಟು ಬರುವುದು ಇಲ್ಲಿಯೇ. ಮುಂದೆ ನಾನು ಮಾಡಿದ್ದು ಗೊತ್ತಿಲ್ಲದೆ ಮಾಡಿದ ತಪ್ಪಲ್ಲ, ಇದನ್ನೆಲ್ಲ ನೋಡಿ ಮಾಡಿದ್ದು.

ಪಕ್ಕದ ಕೋಣೆಯವರು ಗದ್ದಲ ಎಂದು ದೂರಿದರು. ಸಾಹೇಬರು ನನ್ನನ್ನು ಕರೆದರು. "ಏನಪಾ, ಅಲ್ಲಿ ಪಾಠ ನಡೀತೈತೋ, ಆಟ ನಡೀತೈತೋ?"

"ಆಟ ರೀ ಸಾಹೇಬ್ರ."

ಮುಂದಿನ ವರ್ಷ ಶಬಾನಾ ಮೇಡಂ ಅವರನ್ನು ಕರೆಯಲಿಲ್ಲ. ಅವರ ಜಾಗಕ್ಕೆ ಬಂದವರು ನೋಟ್ಸ್ ಹೇಳಿ ಬರೆಸಿದರು. ಹುಡುಗರು ಬಸ್‌ಸ್ಟ್ಯಾಂಡಿಗೆ ಮರಳಿದರು. ಒಬ್ಬ ಜವಾನನ ಮಾತಿಗೆ ಅಷ್ಟು ಬೆಲೆಯೇ ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಇತ್ತು, ಬೆಲೆ ಇತ್ತು. ಹದಿನಾರು ಮೆಟ್ಟಿಲು ಹತ್ತಿ ಆ ಕ್ಲಾಸನ್ನು ಕಣ್ಣಾರೆ ನೋಡಲಾರದ ದೊಡ್ಡ ಮನುಷ್ಯರಿಗೆ ನನ್ನಂಥವನ ಒಂದು ಶಬ್ದವೇ ಸಾಕಾಗುತ್ತದೆ. ಕಳೆದಿದೆ ಎಂದ ಕೀಲಿಯನ್ನು ನಿವೃತ್ತಿಯ ದಿನ ಒಪ್ಪಿಸುವುದಾದರೂ ಹೇಗೆ? ಮನೆಗೇ ತಂದು ಗೋಡೆಯ ಗೂಡಿನಲ್ಲಿಟ್ಟೆ. ಇಷ್ಟು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲ. ಆ ಕಪಾಟು ಯಾರಿಗೂ ಬೇಕಾಗಿಯೇ ಇಲ್ಲ!

ಮೊನ್ನೆ ಮೊಮ್ಮಗಳು ಭಾಗ್ಯಾ ಪಡಸಾಲೆಯಲ್ಲಿ ಕೂತು ಯಾರದೋ ಜರ್ನಲ್ ನೋಡಿ ಬರೆಯುತ್ತಿದ್ದಳು. ಅವಳೂ ಅದೇ ಕಾಲೇಜು, ಅದೇ ವಿಷಯ.

"ಯಜ್ಜಾ, ಇದರಾಗ ನಿನ್ ಹೆಸರೈತಿ! ವಯಸ್ಸು ನಲವತ್ತೆರಡಂತ!"

ಕಸಿದುಕೊಂಡು ಬಿಸಾಕಿದೆ. "ಹುಚ್ಚ ಹಿಡೀತೇನ ಯಜ್ಜಾ? ನಾಳೆ ಸರ್ ಸೈ ಮಾಡ್ತಾರ!" ಎಂದು ಚೀರಿದಳು. ಗೋಡೆಯ ಕನ್ನಡಿ ಇಳಿಸಿ, ಚಪ್ಪಲಿಯ ಡಬ್ಬಿ ಹುಡುಕಿ ತರಿಸಿ, ಅವಳ ಮುಂದೆ ಕೂತೆ. ಪೆನ್ಸಿಲ್ ಮೊದಲ ಮೂಲೆಯಲ್ಲೇ ಹಟ ಹಿಡಿಯಿತು. ಬಲಕ್ಕೆ ಎಂದರೆ ಎಡಕ್ಕೆ. ನನ್ನ ನಕ್ಷತ್ರ ಎಮ್ಮೆ ತುಳಿದ ಬದನೆಕಾಯಿಯಂತಾಯಿತು. ಭಾಗ್ಯಾ ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಕಾಗದವನ್ನೇ ನೋಡುತ್ತ ಕೇಳಿದಳು: "ಯಾಕ ಹಿಂಗಾಗ್ತೈತಿ ಯಜ್ಜಾ?"

ಹನ್ನೆರಡು ವರ್ಷದ ಮೇಲೆ ಅದೇ ಪ್ರಶ್ನೆ. ಏಳನೆಯ ಸಲಕ್ಕೆ ಗೆರೆ ಸ್ವಲ್ಪ ನೆಟ್ಟಗೆ ಬಂತು. ಅವಳು ಹೊಸ ಹಾಳೆಯ ಮೇಲೆ ನನ್ನ ಹೆಸರು ಬರೆದು, ಪಕ್ಕದಲ್ಲಿ ಅರವತ್ತೊಂಬತ್ತು ಎಂದು ಬರೆದಳು. ಒಂದೇ ಮಧ್ಯಾಹ್ನದಲ್ಲಿ ಇಪ್ಪತ್ತೇಳು ವರ್ಷ ಮುದುಕನಾದೆ, ಮೈ ಹಗುರಾಯಿತು.

ಗೂಡಿನಿಂದ ಕೀಲಿ ತೆಗೆದು ಅವಳ ಕೈಗೆ ಕೊಟ್ಟೆ. "ನಿಮ್ಮ ಸರ್‌ಗೆ ಕೊಡು."

"ಎಲ್ಲೋ ಸಿಕ್ತು ಅಂತ ಹೇಳ್ಲೇನ?"

"ಬ್ಯಾಡ. ನಮ್ಮಜ್ಜ ಬಚ್ಚಿಟ್ಟಿದ್ದ ಅಂತ ಹೇಳು."

ಬೀಗ ಜಂಗು ಹಿಡಿದಿರಬೇಕು. ತೆರೆಯದಿದ್ದರೆ ಒಡೆಯಲಿ. ಜವಾಬು ಕೊಡಲು ನಾನಿದ್ದೇನೆ.