ಹಲಗಿಯ ಚರ್ಮದ ಮೇಲೊಂದು ಬಿರುದು

ರಾಯಚೂರಿನ ಅಕ್ಕಿ ಗಿರಣಿಯ ಆಫೀಸಿನಲ್ಲಿ ಗುಲಾಮ್ ದಸ್ತಗೀರ್ ಸಾಹೇಬರು ತಾವು ತಿಂಗಳು ಕೂತು ಬರೆದ ಬಿರುದಿನ ಸುರುಳಿಯನ್ನು ಬಿಚ್ಚಿ ಹಿಡಿದರು. ಬಿಸಿಲಿಗೆ ಸೆಟೆದಿದ್ದ ಚರ್ಮ, ಕೈ ಸಡಿಲವಾದೊಡನೆ ಛಟ್ಟನೆ ಸುತ್ತಿಕೊಂಡು ಅವರ ಕನ್ನಡಕವನ್ನೇ ಹಾರಿಸಿತು. ಕನ್ನಡಕ ಹೋಗಿ ಸೋನಾ ಮಸೂರಿಯ ಸ್ಯಾಂಪಲ್ ತಟ್ಟೆಯಲ್ಲಿ ಬಿತ್ತು.

“ಆಡಿನಾಗ ಇನ್ನೂ ಜೀವ ಅದ ನೋಡ್ರಿ!” ಎಂದು ಗಿರಣಿ ಮಾಲೀಕ ಬಸವಲಿಂಗ ನಕ್ಕರು.

ದಸ್ತಗೀರರಿಗೆ ನಗು ಬರಲಿಲ್ಲ. ಆ ಚರ್ಮ ಅವರದಾಗಿರಲಿಲ್ಲ.

ಬಸವಲಿಂಗರದೊಂದು ಬಳಗವಿದೆ. ಭಾನುವಾರ ಹದಿನಾರು ಜನ ಗಿರಣಿಯ ಗೋದಾಮಿನಲ್ಲಿ ಸೇರಿ, ಸಾವಿರ ವರ್ಷದ ಹಿಂದಿನ ನಾರ್ವೆಯ ಯೋಧರ ವೇಷ ತೊಟ್ಟು ಕಟ್ಟಿಗೆಯ ಕೊಡಲಿಯಲ್ಲಿ ಕಾದಾಡುತ್ತಾರೆ. ಅವರು ಹಿಮಕ್ಕೆಂದು ಹೊದ್ದ ಉಣ್ಣೆಯನ್ನು ಇವರು ನಲವತ್ತು ಡಿಗ್ರಿಯಲ್ಲಿ ಹೊದೆಯುತ್ತಾರೆ. ವೀರರೋ ಅಲ್ಲವೋ, ಬೆವರುವೀರರಂತೂ ಹೌದು. ಹತ್ತು ವರ್ಷ ಗುರಾಣಿ ಹಿಡಿದು ಮುಂದೆ ನಿಂತ ನಿವೃತ್ತ ಮೇಷ್ಟ್ರು ಮಹಾಂತಯ್ಯನವರಿಗೆ ಬಿರುದು ಕೊಡಬೇಕಿತ್ತು. ಕಂಪ್ಯೂಟರಿನದು ಬೇಡ, ಕೈಬರಹವೇ ಬೇಕು, ಅದೂ ನಾರ್ವೆಯ ಲಿಪಿಯ ಗತ್ತಿನಲ್ಲಿ. ಆರ್ಡರು ದೇವದುರ್ಗದ ದಸ್ತಗೀರರಿಗೆ ಬಂತು.

ಒಂದು ಕಾಲಕ್ಕೆ ಜಾಲಹಳ್ಳಿಯಿಂದ ಮಾನ್ವಿಯವರೆಗೆ ಅಂಗಡಿ ಬೋರ್ಡುಗಳಲ್ಲೆಲ್ಲ ಅವರದೇ ಅಕ್ಷರ. ಫ್ಲೆಕ್ಸ್ ಬಂದಮೇಲೆ ಉಳಿದದ್ದು ಟ್ರ್ಯಾಕ್ಟರಿನ ನಂಬರ್ ಪ್ಲೇಟು. ಹಾಗಾಗಿ ಹಸಿದವರಂತೆ ಬರೆಯಲು ಕೂತರು. ಕನ್ನಡದ ಅಕ್ಷರಗಳೋ ಎಣ್ಣೆಯಲ್ಲಿ ಉಬ್ಬಿದ ಪೂರಿ. ನಾರ್ವೆಯವೋ ಕೊಡಲಿ ಏಟಿನ ಗೀರು. ಪೂರಿಯನ್ನು ಗೀರಾಗಿಸಲು ಹನ್ನೆರಡು ದಿನ ಹಿಡಿಯಿತು. ಅಂಚಿಗೆ ತನ್ನ ಬಾಲ ತಾನೇ ಕಚ್ಚಿದ ಸರ್ಪವೂ ಬರಬೇಕಿತ್ತು. “ಹಾಳಿ ಮ್ಯಾಲ ಬರದ್ರ ಸಾಕ್ರಿ” ಎಂದೇ ಬಸವಲಿಂಗ ಹೇಳಿದ್ದರು. ಆದರೆ ಇಷ್ಟು ಚಂದದ ಕೆಲಸಕ್ಕೆ ಹಾಳೆ ಸಾಲದೆನಿಸಿ, ದಸ್ತಗೀರರ ಕಣ್ಣು ಗೋಡೆಗೆ ತೂಗಿದ್ದ ಆಡಿನ ಚರ್ಮದ ಮೇಲೆ ಬಿತ್ತು.

ಅದು ಅರಕೇರಾದ ಅಂಜಿನೇಯನದು. ಮೊಹರಂನಲ್ಲಿ ಬೆಂಕಿಗುಂಡಿಯ ಸುತ್ತ ಆಡುವ ಅಲೈ ಕುಣಿತಕ್ಕೆ ಹಲಗಿ ಬಾರಿಸುವವನು. ಪ್ರತಿ ವರ್ಷ ಹೊಸ ಚರ್ಮವನ್ನು ಸುಣ್ಣದಲ್ಲಿ ನೆನೆಸಿ, ಕೂದಲು ಹೆರೆದು, ಹದಮಾಡಿ, ವಾದ್ಯಕ್ಕೆ ಬಿಗಿಯುವ ಮೊದಲು ದಸ್ತಗೀರರಿಂದ ಅದರ ಮೇಲೊಂದು ಚಂದ್ರ ಬರೆಸುತ್ತಿದ್ದ. ಈ ಸಲದ್ದನ್ನೂ ಹಾಗೇ ಇಟ್ಟುಹೋಗಿದ್ದ. ದಸ್ತಗೀರರ ಮನೆಮಾತು ದಖನಿಯಲ್ಲಿ ಅಮಾನತ್ತೆಂದರೆ ನಂಬಿ ಇಟ್ಟುಹೋದ ವಸ್ತು. ಸರ್ಕಾರಿ ಕನ್ನಡದಲ್ಲಿ ಕೆಲಸದಿಂದ ಹೊರಗಿಡುವುದು. ಆ ಅಮಾನತ್ತಿಗೆ ಕತ್ತರಿ ಹಾಕಿದ ದಿನದಿಂದ ದಸ್ತಗೀರರ ನೆಮ್ಮದಿ ಅಮಾನತ್ತಾಯಿತು.

ಅಂಜಿನೇಯ ಕೇಳಿದಾಗ, “ಹೆಗ್ಗಣ ಕಡೀತಪ್ಪ” ಎಂದರು.

“ಆತು ಬಿಡ್ರಿ ಮಾಮಾ, ಹೆಗ್ಗಣಕ್ಕ ಮೊಹರಂ ಏನ್ ಗೊತ್ತು?” ಎಂದು ಅವನೇ ಸಮಾಧಾನ ಹೇಳಿದ. ಮರುವಾರ ಸಂತೆಯಿಂದ ಬೋನು ತಂದುಕೊಟ್ಟ. “ನಿಮ್ಮ ಬ್ರಷ್ಷೂ ತಿಂದೀತು, ಹುಷಾರ್ರಿ.”

ಬೋನಿಗೆ ಸಿಕ್ಕಿಬಿದ್ದವರು ದಸ್ತಗೀರರೊಬ್ಬರೇ. ನಿಜ ಹೇಳಲೆಂದು ಎರಡು ಸಲ ಅರಕೇರಾದ ಬಸ್ಸು ಹತ್ತಿದರು. ಎರಡು ಸಲವೂ ಅಂಜಿನೇಯನ ಮನೆಯಲ್ಲಿ ಚಹಾ ಕುಡಿದು, ಮಳೆಯ ಮಾತಾಡಿ, ಹೊಟ್ಟೆಯಲ್ಲಿದ್ದ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ವಾಪಸಾದರು.

ಭಾನುವಾರ ಗೋದಾಮಿನಲ್ಲಿ ಸಮಾರಂಭ. ಯೋಧರು ಮೆರವಣಿಗೆಯಲ್ಲಿ ಬರಲು ವಾದ್ಯ ಬೇಕೆಂದು ಬಸವಲಿಂಗರು ಕರೆಸಿದ್ದು ಅಂಜಿನೇಯನನ್ನೇ! ಅವನ ಹಲಗಿಗೆ ಪ್ಲಾಸ್ಟಿಕ್ ಬಿಗಿದಿತ್ತು. ಬಾರಿಸಿದರೆ ಬಕೆಟ್ಟು ಬಡಿದ ಸದ್ದು.

“ಏನ್ಲೇ ಅಂಜಿನೇಯಾ, ಉಂಡಿಲ್ಲೇನ್ ಮುಂಜಾನಿ?” ಎಂದು ಒಬ್ಬ ಯೋಧ ಕಿಚಾಯಿಸಿದ.

“ಚರ್ಮ ಹೆಗ್ಗಣ ತಿಂತ್ರಿ. ಇದನ್ನ ಬಾರಿಸೋದಾದ್ರ ಈ ಸಲ ಅಲೈ ಮುಂದ ನಿಲ್ಲಬ್ಯಾಡ, ಬ್ಯಾರೆಯವ್ರನ್ನ ಕರಸ್ತೀವಿ ಅಂದಾರ್ರಿ ಊರಾಗ” ಎಂದ ಅಂಜಿನೇಯ. ನಗಲು ನೋಡಿದ, ಆಗಲಿಲ್ಲ.

ದಸ್ತಗೀರರು ಅಕ್ಕಿ ಚೀಲಗಳ ಮರೆಗೆ ಸರಿದರು. ಮಹಾಂತಯ್ಯನವರು ಸುರುಳಿಯನ್ನು ಕಣ್ಣಿಗೊತ್ತಿಕೊಂಡರು, ಚಪ್ಪಾಳೆ ಬಿತ್ತು. ಬಸವಲಿಂಗರು ದಸ್ತಗೀರರನ್ನು ಹುಡುಕಿ ಎಳೆತಂದು ಬಾಯಿಗೆ ಮೈಕು ಹಿಡಿದರು.

“ಹೇಳ್ರಿ ಸಾಬ್ರ, ಇಷ್ಟು ಚಂದ ಚರ್ಮ ಎಲ್ಲಿಂದ ತಂದ್ರಿ? ಮುಂದಿನ ವರ್ಷ ನಮಗ ಇನ್ನೂ ಐದು ಬೇಕು.”

ದಸ್ತಗೀರರು ಮೈಕನ್ನು ತಮ್ಮ ಕೈಗೇ ತೆಗೆದುಕೊಂಡರು.

“ಕದ್ದದ್ದುರೀ ಸಾವ್ಕಾರ್ರ. ಮಾಲಕ ನಿಮ್ಮ ಬಾಜೂಕ ಹಲಗಿ ಹಿಡಕೊಂಡು ನಿಂತಾನ.”